ಈ ಸಲದ ಸಮಸ್ಯೆ: ಹಳಿಯಿಲ್ಲದೆಯೇ ಗಾಡಿಯು ಹೊರಟಿತು

ಪೃಚ್ಛಕ:
ವಿಷಯ, ಮುಚ್ಚಿಹೋದ ಕವಲು ರೈಲು ಮಾರ್ಗ. ಬಿಟ್ಟುಹೋದ ಬೋಗಿಗಳು, ಕಳೆ ಬೆಳೆದ ಹಳಿ, ಹಳಿಯಡಿಯ ಕೊಳೆತ ಮರದ ದಿಮ್ಮಿ (ಸ್ಲೀಪರು), ಯಾವುದನ್ನು ಬೇಕಾದರೂ ತನ್ನಿ. ಪದ್ಯದ ಕೊನೆಯ ಸಾಲು ಅಂದರೆ ಸಮಸ್ಯೆ, ಅದನ್ನು ಕೊಡುವ ಪೃಚ್ಛಕ ನಾನು. ಮೇಲಿನ ಮೂರು ಸಾಲು ಬರೆದು ಪೂರಣ ಮಾಡೋದು ನಿಮ್ಮ ಕೆಲಸ.

ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ 16 ಮಾತ್ರೆ. ಮಂದಾನಿಲ ರಗಳೆಯ ನಡೆ. ಆದಿಪ್ರಾಸ ಬೇಕೇ ಬೇಕು: ಪ್ರತಿ ಸಾಲಿನ ಎರಡನೇ ಅಕ್ಷರ ಳ, ಅದರ ಹಿಂದಿನದು ಲಘು, ಅಂದರೆ ಒಂದೇ ಮಾತ್ರೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳಿಯೇ ಇಲ್ಲದೆ ಗಾಡಿ ಹೇಗೆ ಹೊರಟಿತು ಅನ್ನೋದಕ್ಕೆ ಉತ್ತರ ಕೊಡಬೇಕು. ‘ನೆನಪಿನ ಗಾಡಿ’, ‘ಕನಸಿನ ಗಾಡಿ’ ಅಂದರೆ ಯಾವ ಸಮಸ್ಯೆ ಬೇಕಾದರೂ ಮುಗಿದುಹೋಗುತ್ತದೆ. ಅದು ಬೇಡ.

ಮೊದಲ ಪೂರಣ:

ಎಳೆಯರು ಬೋಗಿಯ ಬಾಗಿಲ ತೆರೆದರು
ಒಳಗಡೆ ಕೂತರು ‘ಕೂ ಕೂ’ ಎನ್ನುತ
ಗೆಳೆಯನು ಹಸಿರಿನ ಬಾವುಟ ಬೀಸಲು
ಹಳಿಯಿಲ್ಲದೆಯೇ ಗಾಡಿಯು ಹೊರಟಿತು

ಪೃಚ್ಛಕ:
ಚೆನ್ನಾಗಿದೆ. ಮಕ್ಕಳಾಟ ಬರುತ್ತದೆ ಅಂತ ಗೊತ್ತಿತ್ತು, ಆದರೆ ಹಸಿರು ಬಾವುಟ ಗೊತ್ತಿರಲಿಲ್ಲ. ಗಾರ್ಡ್ ಇಲ್ಲದೆ ಗಾಡಿ ಬಿಡಬಾರದು ಅಂತ ಈ ಮಕ್ಕಳಿಗೂ ಗೊತ್ತಿದೆ! ಆದರೆ ನಿಜವಾದ ಹಳೇ ಬೋಗಿಯಲ್ಲಿ ಮಕ್ಕಳನ್ನು ಬಿಡಬೇಡಿ ಮಾರಾಯ್ರೇ. ಮೇಲಿನ ಹಾಸು ಗಟ್ಟಿಯಾಗಿ ಕಂಡರೂ ಅಡಿಯ ತಗಡು ತುಕ್ಕು ತಿಂದು ಕಾಗದದಷ್ಟು ತೆಳುವಾಗಿರುತ್ತದೆ.

ಎರಡನೇ ಪೂರಣ:

ಬಳ್ಳಿಯು ಬೋಗಿಯ ತಬ್ಬುತ ನಿಂತಿದೆ
ತಳದಲಿ ಹುಲ್ಲೇ ಹಳಿಯನು ಮುಚ್ಚಿದೆ
ಹಳೆ ನೆನಪೆಲ್ಲವು ಮೈತುಂಬಿರುತಿರೆ
ಹಳಿಯಿಲ್ಲದೆಯೇ ಗಾಡಿಯು ಹೊರಟಿತು

ಪೃಚ್ಛಕ:
ಮೇಡಂ, ಮಾತ್ರೆ ಲೆಕ್ಕ ಸರಿಯಿದೆ. ಪ್ರಾಸ ಮೊದಲ ಸಾಲಿನಲ್ಲೇ ತಪ್ಪಿತು. ‘ಬಳ್ಳಿ’ಯಲ್ಲಿ ಇರೋದು ಳ್ಳ, ಅದರ ಹಿಂದಿನ ಬ ಗುರುವಾಯಿತು, ಅಂದರೆ ಎರಡು ಮಾತ್ರೆ. ‘ಎಳೆ ಬಳ್ಳಿಗಳೇ ಬೋಗಿಯ ತಬ್ಬಿವೆ’ ಅಂದರೆ ಬಳ್ಳಿಯೂ ಉಳಿಯುತ್ತದೆ, ಪ್ರಾಸವೂ ಉಳಿಯುತ್ತದೆ.

ಆದರೆ ನನ್ನ ತಕರಾರು ಬೇರೆ. ಹುಲ್ಲು ಹಳಿಯನ್ನು ಮುಚ್ಚಿದೆ ಅಂತ ನೀವೇ ಹೇಳಿದ್ದೀರಿ. ಅಂದರೆ ಹಳಿ ಅಲ್ಲೇ ಇದೆಯಲ್ಲ! ‘ಹಳಿಯಿಲ್ಲದೆಯೇ’ ಅನ್ನೋದು ಎಲ್ಲಿಂದ ಬಂತು? ನೆನಪು ಬೇಡ ಅಂದರೂ ಬಂದೇಬಿಟ್ಟಿತು. ಇನ್ನೊಂದು ಸಲ ನೋಡಿ.

ಅದೇ ಮೇಡಂ:
ಒಪ್ಪಿದೆ ಸರ್. ಆದರೆ ಹಳಿ ಇದ್ದೂ ಇಲ್ಲದ ಹಾಗೆ ಅನ್ನೋದು ನಿಜವಾಗಿಯೂ ಇದೆ. ಗಾಡಿ ದಿನಾ ಓಡುವ ಹಳಿಯ ನೆತ್ತಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಓಡಾಟ ನಿಂತ ಕೆಲವೇ ದಿನಕ್ಕೆ ಅದು ಕಂದು. ಹಾಗೆ ತುಕ್ಕು ಹಿಡಿದ ಹಳಿಯ ಮೇಲೆ ಗಾಡಿ ನಿಂತಿದ್ದರೂ ಸಿಗ್ನಲ್‌ಗೆ ಒಮ್ಮೊಮ್ಮೆ ಗೊತ್ತೇ ಆಗೋದಿಲ್ಲ. ಎರಡು ಹಳಿಗಳ ನಡುವೆ ಗಾಲಿಯ ಮೂಲಕ ಹರಿಯಬೇಕಾದ ಕರೆಂಟನ್ನು ತುಕ್ಕು ತಡೆದುಬಿಡುತ್ತದೆ.

ಪೃಚ್ಛಕ:
ಇದನ್ನೇ ಪದ್ಯ ಮಾಡಬೇಕಿತ್ತು ಮೇಡಂ! ಸಿಗ್ನಲ್‌ಗೆ ಕಾಣದ ಗಾಡಿ. ಬಳ್ಳಿಗಿಂತ ಇದು ಎಷ್ಟೋ ಮೇಲು.

ಮೂರನೇ ಪೂರಣ:

ಕಳೆಗಳ ಬಿಡಿಸುತ ಕೇಬಲು ಬಿಗಿದರು
ಕೆಳಗಿನ ಲಾರಿಗೆ ಮೆಲ್ಲಗೆ ಇಳಿಸಲು
ಬೆಳಗಿನ ದಾರಿಯ ಜನ ಬೆರಗಾದರು
ಹಳಿಯಿಲ್ಲದೆಯೇ ಗಾಡಿಯು ಹೊರಟಿತು

(ಮ್ಯೂಸಿಯಮ್ಮಿಗೆ ಹೋಗುವ ಬೋಗಿ. ಪದ್ಯದಲ್ಲಿ ಕ್ರೇನ್ ಇದೆ ಅಂತ ತಿಳಿದುಕೊಳ್ಳಿ.)

ಪೃಚ್ಛಕ:
ಸಮಸ್ಯೆ ಬಿಡಿಸೋದು ಅಂದರೆ ಇದು. ಕಷ್ಟಪಡದೆ, ಕಣ್ಣೆದುರಿಗೆ ನಡೆಯೋದನ್ನೇ ಹೇಳಿದ್ದೀರಿ. ‘ಮೆಲ್ಲಗೆ ಇಳಿಸಲು’ ಅನ್ನೋದು ಸರಿಯಾದ ಮಾತು. ಬೋಗಿಯ ಮೈ ಹೆಚ್ಚುಕಡಿಮೆ ತನ್ನ ಭಾರದಿಂದಲೇ ಗಾಲಿಗಳ ಚೌಕಟ್ಟಿನ ಮೇಲೆ ಕೂತಿರುತ್ತದೆ. ಬ್ರೇಕಿನ ಸರಳು, ಕೊಳವೆ ಎಲ್ಲ ಬಿಚ್ಚಿದ ಮೇಲೆ ಕ್ರೇನ್ ಮೈಯನ್ನು ಎತ್ತುತ್ತದೆ. ಗಾಲಿಗಳಿಗೆ ಬೇರೆ ಲಾರಿ. ಹಾಗಾಗಿ ನಿಮ್ಮ ಗಾಡಿ ಹೊರಟಾಗ ಹಳಿ ಮಾತ್ರ ಅಲ್ಲ, ಗಾಲಿಯೂ ಇಲ್ಲ!

ಇನ್ನೊಬ್ಬರು:
ಸರ್, ಶಾಂಘೈನಲ್ಲಿ 2004ರಿಂದ ಜನರನ್ನು ಹೊತ್ತು ಅಯಸ್ಕಾಂತದ ಬಲದಿಂದ ತೇಲುತ್ತ ಓಡುವ ಮ್ಯಾಗ್ಲೆವ್ ಗಾಡಿಗೆ ಹಳಿಯೇ ಇಲ್ಲ. ಅದನ್ನು ಬರೆಯಬಹುದಾ?

ಪೃಚ್ಛಕ:
ಬರೆಯಬಹುದು, ಆದರೆ ಮುಚ್ಚಿದ ಮಾರ್ಗ ಎಲ್ಲಿ ಹೋಯಿತು? ವಿಷಯ ಬಿಟ್ಟರೆ ಉತ್ತರ ಸುಲಭ.

ಅವರೇ:
ಹಾಗಾದರೆ ನ್ಯೂಯಾರ್ಕಿನ ಹೈಲೈನ್? 1980ರಲ್ಲಿ ಕೊನೆಯ ಗೂಡ್ಸ್ ಓಡಿದ ಮೇಲ್‌ಸೇತುವೆ, 2009ರಿಂದ ಉದ್ಯಾನ. ಸಾಲಾಗಿ ನಡೆಯುವ ಜನರೇ ಗಾಡಿ.

ಪೃಚ್ಛಕ:
ಅಲ್ಲೂ ಅದೇ ತೊಂದರೆ. ಗಿಡಗಳ ನಡುವೆ ಹಳೇ ಹಳಿಗಳನ್ನು ಬೇಕಂತಲೇ ಉಳಿಸಿದ್ದಾರೆ. ಹಳಿ ಪೂರ್ತಿ ಕಿತ್ತು ಸೈಕಲ್ ದಾರಿ ಮಾಡಿದ ಮಾರ್ಗಗಳೂ ಬೇಕಾದಷ್ಟಿವೆ, ಅಂಥದ್ದನ್ನು ಹಿಡಿಯಿರಿ.

ನಾಲ್ಕನೇ ಪೂರಣ:

ಅಳೆದರು, ಕೊಯ್ದರು, ಬೆಂಕಿಗೆ ಹಾಕಲು
ಪಳಪಳ ಹೊಳೆಯುವ ಹೊಸ ತಗಡಾಯಿತು
ಬಳಿಕದು ಬಸ್ಸಿನ ಮೈಯಾಗುತ್ತಲೆ
ಹಳಿಯಿಲ್ಲದೆಯೇ ಗಾಡಿಯು ಹೊರಟಿತು

ಪೃಚ್ಛಕ:
ಭಲೇ! ‘ಗಾಡಿ’ ಬದಲಾಯಿತು, ಸಾಲು ಬದಲಾಗಲಿಲ್ಲ.

ಮತ್ತೊಬ್ಬರು (ಉಕ್ಕಿನ ಕೆಲಸದವರು):
ಒಂದು ಸಣ್ಣ ಕೊಂಕು. ಹಳಿಯ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಸುಮಾರು 0.7% ಇರುತ್ತದೆ. ಬಸ್ಸಿನ ಮೈಗೆ ಬಾಗುವ ತಗಡು ಬೇಕು, ಅದಕ್ಕೆ ಇಂಗಾಲ ತೀರಾ ಕಮ್ಮಿ ಇರಬೇಕು. ಹಳಿಯನ್ನು ಕರಗಿಸದೆ ಹಾಗೇ ತಟ್ಟಿ ಬಸ್ಸಿನ ಮೈ ಮಾಡಿದೆ ಅಂದಿದ್ದರೆ ನಾನು ಬಿಡುತ್ತಿರಲಿಲ್ಲ. ಬೋಗಿಯನ್ನು ಕೊಯ್ದಿದ್ದೀರಿ, ಹಾಗಾಗಿ ಪಾಸ್. ಇನ್ನು ‘ಅಳೆದರು, ಕೊಯ್ದರು’ ಅಷ್ಟು ಬೇಗ ಆಗೋದಿಲ್ಲ. ಹಳೇ ಬೋಗಿಗಳಲ್ಲಿ ಎಷ್ಟೋ ಸಲ ಸೀಸ ಬೆರೆಸಿದ ಬಣ್ಣ, ಗೋಡೆಯೊಳಗೆ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದನ್ನು ತೆಗೆಯದೆ ಗ್ಯಾಸ್ ಕಟರ್ ಹಚ್ಚಿದರೆ ಕೊಯ್ಯುವವನ ಎದೆಗೇ ಹೊಗೆ.

ಪೃಚ್ಛಕ:
ಮೂರು ಸಾಲಿನಲ್ಲಿ ಕಲ್ನಾರು ತೆಗೆಯೋದಕ್ಕೆ ಜಾಗ ಇಲ್ಲ ಸರ್. ಮುಂದಿನವರು?

ಐದನೇ ಪೂರಣ:

ಮಳೆ ಬರುವಂತಿದೆ, ಇರುವೆಯ ದಂಡೇ
ಕೊಳೆತಿಹ ದಿಮ್ಮಿಯ ಗೂಡನು ತೊರೆಯಿತು
ಬಿಳಿ ಬಿಳಿ ಮೊಟ್ಟೆಯ ಸರಕನು ಹೇರುತ
ಹಳಿಯಿಲ್ಲದೆಯೇ ಗಾಡಿಯು ಹೊರಟಿತು

ಪೃಚ್ಛಕ:
ಇದನ್ನು ಓದಿ ಸುಮ್ನೆ ಕೂತುಬಿಟ್ಟೆ. ಬೋಗಿ ಎಲ್ಲೂ ಇಲ್ಲ, ಆದರೂ ಇದು ಗೂಡ್ಸ್ ಗಾಡಿಯೇ. ‘ಹೇರುತ’ ಅನ್ನೋ ಒಂದೇ ಕ್ರಿಯಾಪದ ಅಷ್ಟೂ ಕೆಲಸ ಮಾಡಿದೆ.

ಎರಡನೇ ಪೂರಣದ ಮೇಡಂ:
ನನಗೂ ಇದೇ ಇಷ್ಟ. ಆದರೆ ಸ್ಲೀಪರಿಗೆ ಮರ ಕೊಳೆಯದ ಹಾಗೆ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರಲ್ವಾ? ಆ ವಾಸನೆಗೆ ಹುಳವೂ ಹತ್ತಿರ ಬರೋದಿಲ್ಲ. ಇರುವೆ ಹೇಗೆ ಗೂಡು ಕಟ್ಟಿತು?

ಐದನೇ ಪೂರಣದವರು:
ಎಣ್ಣೆ ಸಾಮಾನ್ಯವಾಗಿ ಮರದ ತಿರುಳಿನವರೆಗೆ ಇಳಿಯೋದಿಲ್ಲ ಅಕ್ಕ. ಹಳಿ ಹಿಡಿದಿಡುವ ಮೊಳೆ ಇರುತ್ತದಲ್ಲ, ಅದು ಸಡಿಲಾದ ಮೇಲೆ ಆ ತೂತಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿಂದ ಒಳಗೆ ಕೊಳೆಯೋದು ಶುರು. ಮೇಲಿನ ಕರೀ ಸಿಪ್ಪೆ ಗಟ್ಟಿಯಾಗೇ ಇರುತ್ತದೆ, ಬಿರುಕಿನಲ್ಲಿ ಬೆರಳು ಒತ್ತಿದರೆ ಒಳಗಿನ ಮರ ಚೌಕ ಚೌಕವಾಗಿ ಉದುರುತ್ತದೆ. ಇರುವೆಗೆ ಬೇಕಾಗಿರೋದೂ ಅದೇ, ಹೊರಗೆ ಗಟ್ಟಿ ಒಳಗೆ ಮೆತ್ತಗೆ. ಮೊಟ್ಟೆ ಅಂದಿದ್ದಕ್ಕೆ ಮಾತ್ರ ಮಾಫಿ ಕೊಡಿ. ಇರುವೆ ಹೊತ್ತು ಓಡುವ ಆ ಬಿಳೀ ಕಾಳುಗಳಲ್ಲಿ ಜಾಸ್ತಿ ಮರಿಹುಳು, ಕೋಶಗಳೇ. ನಿಜವಾದ ಮೊಟ್ಟೆ ತೀರಾ ಸಣ್ಣದು. ‘ಕೋಶದ’ ಅಂದರೂ ಮಾತ್ರೆ ಕೂರುತ್ತದೆ, ಕಿವಿ ಒಪ್ಪಲಿಲ್ಲ.

ಪೃಚ್ಛಕ:
ಮೊಟ್ಟೆಯೇ ಇರಲಿ. ಐದನೆಯದಕ್ಕೆ ನನ್ನ ಓಟು, ಲಾರಿ ಪದ್ಯಕ್ಕೆ ಎರಡನೇ ಜಾಗ. ಮೇಡಂ, ಸಿಗ್ನಲ್ ಪದ್ಯ ನಿಮ್ಮಿಂದ ಬಾಕಿ ಇದೆ, ಬಿಡೋದಿಲ್ಲ.

ಮುಂದಿನ ಸಮಸ್ಯೆ, ಅದೇ ಛಂದಸ್ಸು, ಪ್ರಾಸ ಕ್ಕ, ಮೊದಲಕ್ಷರ ಗುರು:

ತುಕ್ಕಿನ ಗಾಲಿಗೆ ರೆಕ್ಕೆಯು ಮೂಡಿತು

ಈ ಸಲವೂ ಕನಸು ನಿಷೇಧ.