ಬರೀ ಸೀರೆ ಕುಚ್ಚಿಗೆ 399 ರೂಪಾಯಿ ಕೋರ್ಸ್: ಇಷ್ಟು ಸಣ್ಣದಾದರೆ ಯಾರು ಕೊಳ್ಳುತ್ತಾರೆ?

ಸೆರಗಂಚು
ನಾನು ಮೈಸೂರಿನವಳು. ಅಂಗಡಿಗಳಿಗೆ ಸೀರೆ ಕುಚ್ಚು ಹಾಕಿಕೊಡುತ್ತೇನೆ. ಈಗ ಅದನ್ನೇ ಕಲಿಸುವ ಸಣ್ಣ ಆನ್‌ಲೈನ್ ಕೋರ್ಸ್ ಮಾಡಿದ್ದೇನೆ. ಆರು ವಿಡಿಯೊ, ಒಟ್ಟು 50 ನಿಮಿಷ, 399 ರೂಪಾಯಿ. ಬ್ಲೌಸ್ ಇಲ್ಲ, ಆರಿ ವರ್ಕ್ ಇಲ್ಲ. ರೇಷ್ಮೆ ಸೀರೆ ಸೆರಗಿಗೆ ಬೇಬಿ ಕುಚ್ಚು ಹಾಕುವುದು, ಅಷ್ಟೇ. ಕೇಳಿದವರಿಗೆ ದಾರ, ಮಣಿ, ಸೂಜಿ ಇರುವ ಕಿಟ್ ಕೊರಿಯರ್ ಮಾಡುತ್ತೇನೆ. ನಮ್ಮನೆಯವರು "ಪೂರ್ತಿ ಟೈಲರಿಂಗ್ ಸೇರಿಸಿ 5,000ಕ್ಕೆ ಇಡು" ಅಂತಿದ್ದಾರೆ. ನಿಮಗೇನನ್ನಿಸುತ್ತೆ?

ಪುಕ್ಕಟೆ ಪುಟ್ಟಸ್ವಾಮಿ
ಯೂಟ್ಯೂಬಲ್ಲಿ ಕುಚ್ಚು ಅಂತ ಹುಡುಕಿದರೆ ಸಾಲುಸಾಲಾಗಿ ಬರುತ್ತೆ. ಎಲ್ಲ ಫ್ರೀ. 399 ಕೊಡೋಕೆ ಜನರಿಗೇನು ಹುಚ್ಚಾ? ನೀವೂ ಅಲ್ಲೇ ಹಾಕಿ, ಜಾಹೀರಾತಿನ ದುಡ್ಡು ಬರುತ್ತೆ.

ಮದ್ದೂರು ವಡೆ
"ಜಾಹೀರಾತಿನ ದುಡ್ಡು" ಅಂತೆ! ಅದಕ್ಕೆ ಮೊದಲು 1,000 ಸಬ್‌ಸ್ಕ್ರೈಬರ್ ಬೇಕು, ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು. ಇಲ್ಲಿ ನೂರು ಜನ ಕೊಂಡರೆ 39,900 ಕೈಗೆ ಬಂತು. ಬರೀ ಕುಚ್ಚಿನ ವಿಡಿಯೊ ಹಾಕಿ ಯೂಟ್ಯೂಬಲ್ಲಿ ಅಷ್ಟು ದುಡಿದು ತೋರಿಸು ಗುರು.

ಪುಕ್ಕಟೆ ಪುಟ್ಟಸ್ವಾಮಿ
ನೂರು ಜನ ಎಲ್ಲಿಂದ ಬರುತ್ತಾರೆ? ಮದ್ದೂರಿಂದ ನೀವು ಬಸ್ ಮಾಡಿಕೊಂಡು ಕರ್ಕೊಂಡು ಬರ್ತೀರಾ?

ಲೆಕ್ಕಪತ್ರ
ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. "ಕಿಟ್ ಕೊರಿಯರ್". ಮೇಡಂ, ಹೊರರಾಜ್ಯಕ್ಕೆ ಸರಕು ಮಾರಿದರೆ ಮೊದಲ ಪಾರ್ಸೆಲ್ಲಿಗೇ ಜಿಎಸ್‌ಟಿ ನೋಂದಣಿ ಬೇಕು. ಹೊಸೂರಿಗೆ ಕಳಿಸಿದರೂ ಅಷ್ಟೇ.

ಮದ್ದೂರು ವಡೆ
ಸುಮ್ನೆ ಹೆದರಿಸಬೇಡಿ ಸ್ವಾಮಿ. ವರ್ಷದ ವಹಿವಾಟು 20 ಲಕ್ಷದವರೆಗೆ ಇದ್ದರೆ ಏನೂ ಬೇಡ. ಹೊರರಾಜ್ಯದವರಿಗೆ ಮಾರಿದರೂ ಬೇಡ ಅಂತ 2017ರ ಅಕ್ಟೋಬರಲ್ಲೇ ಅಧಿಸೂಚನೆ ಬಂದಿದೆ.

ಲೆಕ್ಕಪತ್ರ
ಅದು ಸೇವೆಗೆ. ಕೋರ್ಸ್ ಸೇವೆ, ದಾರ ಸರಕು. ಓದುವುದಾದರೆ ಪೂರ್ತಿ ಓದಿ.

ಮದ್ದೂರು ವಡೆ
"ಓದುವುದಾದರೆ" ಅಂದರೆ? ಓದೋಕೆ ಬರಲ್ಲ ಅಂತಾನಾ? ನಾನೂ ಬಿಕಾಂ ಮಾಡಿದ್ದೇನೆ. ಕರ್ನಾಟಕದಲ್ಲಿ ಸರಕಿಗೆ 40 ಲಕ್ಷದ ಮಿತಿ. ನಾನು ಹೇಳಿದ್ದಕ್ಕಿಂತ ಜಾಸ್ತಿನೇ ಆಯ್ತಲ್ಲ!

ಲೆಕ್ಕಪತ್ರ
40 ಲಕ್ಷ ಬರೀ ಸರಕು ಮಾರುವವರಿಗೆ, ಅದೂ ರಾಜ್ಯದೊಳಗೆ. ಇವರು ಎರಡೂ ಮಾರುತ್ತಾರೆ. ನಿಮ್ಮ ಬಿಕಾಂಗೆ ನನ್ನ ನಮಸ್ಕಾರ.

ಬೆಟ್ಟದ ಮೆಟ್ಟಿಲು
ಕರಕುಶಲ ವಸ್ತುಗಳಿಗೆ ಹೊರರಾಜ್ಯ ಮಾರಾಟದಲ್ಲೂ ವಿನಾಯಿತಿ ಇದೆ. ಕುಚ್ಚು ಕರಕುಶಲವೇ. ಮುಗೀತಲ್ಲ?

ಲೆಕ್ಕಪತ್ರ
ಎಲ್ಲಿ ಮುಗೀತು? ಕಿಟ್‌ನಲ್ಲಿ ಕುಚ್ಚಿಲ್ಲ, ದಾರದ ಉಂಡೆ ಇದೆ. ಕಾರ್ಖಾನೆಯಿಂದ ಬಂದ ಉಂಡೆ ಕರಕುಶಲ ಹೇಗಾಗುತ್ತೆ?

ಬೆಟ್ಟದ ಮೆಟ್ಟಿಲು
"ಕಾರ್ಖಾನೆಯಿಂದ ಬಂದ ಉಂಡೆ"! ನಮ್ಮೂರ ರೇಷ್ಮೆ ಬಗ್ಗೆ ಹಗುರವಾಗಿ ಮಾತಾಡಬೇಡಿ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಇರುವ ಊರು ಇದು. ಮೈಸೂರು ಸಿಲ್ಕಿಗೆ ಜಿಐ ಟ್ಯಾಗ್ ಇದೆ.

ಲೆಕ್ಕಪತ್ರ
ಅದೂ ಕಾರ್ಖಾನೆಯೇ. ನೀವೇ ಹೇಳಿದಿರಿ.

ಸೆರಗಂಚು
ಅಣ್ಣಂದಿರಾ, ನಾನು ಕಿಟ್‌ನಲ್ಲಿ ಕೊಡುವುದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ದಾರ. ನಾನು ಕೇಳಿದ್ದು ಕೋರ್ಸ್ ಸಣ್ಣದಿರಬೇಕಾ, ದೊಡ್ಡದಾ ಅಂತ.

ಬೆಟ್ಟದ ಮೆಟ್ಟಿಲು
ಆರ್ಟ್ ಸಿಲ್ಕಾ! ರೇಷ್ಮೆ ಸೀರೆಗೆ?

ಗೌರಿಬಾಗಿನ
ಕೊಳ್ಳುವವಳು ನಾನು, ನನ್ನ ಮಾತೂ ಕೇಳಿ. ಫ್ರೀ ವಿಡಿಯೊಗಳಲ್ಲಿ ಕುಚ್ಚು ಕಟ್ಟುವುದನ್ನು ಚೆನ್ನಾಗಿಯೇ ತೋರಿಸುತ್ತಾರೆ. ಅದಕ್ಕೆ ಮೊದಲು ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳನ್ನು ಏನು ಮಾಡಬೇಕು ಅಂತ ನಾನು ನೋಡಿದ ಯಾರೂ ಹೇಳಲಿಲ್ಲ. ಅವನ್ನು ಗಂಟು ಹಾಕದೆ ಕತ್ತರಿ ಆಡಿಸಿದರೆ ನೇಯ್ಗೆ ಬಿಚ್ಚಿಕೊಂಡು ಬರುತ್ತೆ. ಇನ್ನು ಕುಚ್ಚಿನ ಕುತ್ತಿಗೆಗೆ ಜರಿ ದಾರ ಸುತ್ತಿ, ಅದರ ತುದಿಯನ್ನು ಸೂಜಿಯಲ್ಲಿ ಕುಚ್ಚಿನೊಳಗೇ ಇಳಿಸದಿದ್ದರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತು ಏಳುವಷ್ಟರಲ್ಲಿ ಒಂದೆರಡು ಉದುರಿರುತ್ತೆ. ಅದೊಂದು ವಿಡಿಯೊಗೇ 399 ಕೊಡುತ್ತೇನೆ. 5,000ದ ಟೈಲರಿಂಗ್ ಕೋರ್ಸಲ್ಲಿ ಅದು ಎಲ್ಲೋ ಕೊನೆಗಿರುತ್ತೆ. ಅಲ್ಲೀವರೆಗೆ ಯಾರಿಗೆ ಪುರುಸೊತ್ತಿದೆ?

ಪುಕ್ಕಟೆ ಪುಟ್ಟಸ್ವಾಮಿ
"ಅದೊಂದು ವಿಡಿಯೊಗೇ". ಸರಿ ಹಾಗಾದ್ರೆ, ಅದೊಂದನ್ನೇ 99ಕ್ಕೆ ಮಾರಲಿ. ಉಳಿದ ಐದು ಯಾಕೆ?

ಅಗ್ರಹಾರ ಸರ್ಕಲ್
99ಕ್ಕೆ ಇಡಬೇಡಿ ಮೇಡಂ. ಅಂಗಡಿ ಸ್ಟಾಕನ್ನು ಎಕ್ಸೆಲ್‌ನಲ್ಲಿ ಇಡುವುದು ಹೇಗೆ ಅಂತ ನಾನೂ ಒಂದು ಸಣ್ಣ ಕೋರ್ಸ್ ಮಾರುತ್ತೇನೆ. ರೇಟು ಇಳಿಸಿದಾಗ ಕೊಂಡವರು ಅಷ್ಟೇನೂ ಹೆಚ್ಚಲಿಲ್ಲ, "ಓಪನ್ ಆಗ್ತಿಲ್ಲ" ಅನ್ನುವ ಫೋನು ಹೆಚ್ಚಿತು. ಇನ್ನೊಂದು ಮಾತು. ಆನ್‌ಲೈನ್ ಕೋರ್ಸ್ ಮಾರುವ ಉಡೆಮಿ ಸೈಟಲ್ಲಿ ಅವರು ಗಿರಾಕಿ ಹಿಡಿದು ಕೊಟ್ಟರೆ ನಮಗೆ ಸಿಗುವುದು 37 ಶೇಕಡಾ. ನಮ್ಮ ಕೂಪನ್ನಿಂದ ಬಂದವರಾದರೆ 97. ಕೆಲಸ ಒಂದೇ, ಗಿರಾಕಿ ಯಾರವನು ಅನ್ನೋದರ ಮೇಲೆ ದುಡ್ಡು. ನಿಮ್ಮ ಹತ್ತಿರ ಸೀರೆ ಕೊಟ್ಟವರ ವಾಟ್ಸಾಪ್ ನಂಬರ್ ಇದೆಯಲ್ಲ, ಅಲ್ಲಿಂದ ಶುರು ಮಾಡಿ. ಗೌರಿ ಹಬ್ಬಕ್ಕೆ ಮುಂಚೆ ಮಾಡಿ, ಆಮೇಲೆ ಯಾರೂ ತಿರುಗಿ ನೋಡಲ್ಲ.

ಮದ್ದೂರು ವಡೆ
37 ಶೇಕಡಾ? ನೂರಕ್ಕೆ 63 ಅವರೇ ನುಂಗುತ್ತಾರಾ? ಎಪಿಎಂಸಿ ದಲ್ಲಾಳಿಯೇ ವಾಸಿ.

ಅಗ್ರಹಾರ ಸರ್ಕಲ್
97 ಅಂತಲೂ ಬರೆದಿದ್ದೇನೆ, ಕಾಣಲಿಲ್ವಾ?

ಮದ್ದೂರು ವಡೆ
ಬೇಕಾದ್ದು ಕಂಡಿತು.

ಲೆಕ್ಕಪತ್ರ
ವಿಷಯ ತಿರುಗಿಸಬೇಡಿ. ಕಿಟ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ.

ಸೆರಗಂಚು
ಉತ್ತರ ನಾನೇ ಕೊಡುತ್ತೇನೆ. ಕಿಟ್ ಮೈಸೂರು, ಮಂಡ್ಯದವರಿಗೆ ಮಾತ್ರ. ಹೊರಗಿನವರಿಗೆ ಏನೇನು ಕೊಳ್ಳಬೇಕು ಅನ್ನುವ ಪಟ್ಟಿ, ದಾರದ ಬಣ್ಣ ಸೀರೆಗೆ ಹೊಂದಿಸುವ ಫೋಟೊ. ಕೋರ್ಸ್ ಕುಚ್ಚಿನದ್ದೇ, ರೇಟು 399ನೇ. ಎಳೆ ಗಂಟು ಹಾಕುವ ವಿಡಿಯೊ ಯೂಟ್ಯೂಬಲ್ಲಿ ಫ್ರೀ ಹಾಕುತ್ತೇನೆ, ನೋಡಿ ಇಷ್ಟವಾದವರು ಉಳಿದದ್ದು ಕೊಳ್ಳಲಿ.

ಪುಕ್ಕಟೆ ಪುಟ್ಟಸ್ವಾಮಿ
ಯೂಟ್ಯೂಬಿಗೆ ಹಾಕಿ ಅಂತ ಮೊದಲು ಹೇಳಿದ್ದು ಯಾರು? ನಾನು.

ಗೌರಿಬಾಗಿನ
ಅಯ್ಯೋ ಅಕ್ಕ, ನಾನು ದುಡ್ಡು ಕೊಡ್ತೀನಿ ಅಂದ ವಿಡಿಯೊನೇ ಫ್ರೀ ಮಾಡಿಬಿಟ್ಟರಲ್ಲ!

ಮದ್ದೂರು ವಡೆ
ರಾಜ್ಯದೊಳಗಾದರೆ ನೋಂದಣಿ ಬೇಡ. ನಾನು ಹೇಳಿದ್ದೂ ಅದೇ.

ಲೆಕ್ಕಪತ್ರ
ನೀವು ಹೇಳಿದ್ದು "ಹೊರರಾಜ್ಯದವರಿಗೆ ಮಾರಿದರೂ ಬೇಡ". ಮೇಲಿದೆ, ನೋಡಿಕೊಳ್ಳಿ. ಅಳಿಸೋಕೆ ಹೋಗಬೇಡಿ, ಸ್ಕ್ರೀನ್‌ಶಾಟ್ ಇದೆ.

ಬೆಟ್ಟದ ಮೆಟ್ಟಿಲು
ಅದೆಲ್ಲ ಇರಲಿ. ರೇಷ್ಮೆ ಸೀರೆಗೆ ಆರ್ಟ್ ಸಿಲ್ಕ್ ಕುಚ್ಚು ಯಾಕೆ ಅಂತ ಮೊದಲು ಹೇಳಿ.