ತೊನ್ನು ನಿಜವಾಗಿ ರೋಗವೇ, ಅಥವಾ ನಾವು ಹಾಗೆ ಅಂದುಕೊಂಡಿದ್ದೇವಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನ್ನ ತಂಗಿಗೆ ಕಣ್ಣಿನ ಸುತ್ತ ಮತ್ತು ಮೊಣಕೈ ಮೇಲೆ ತೊನ್ನು ಬಂದಿದೆ. ನೋವಿಲ್ಲ, ತುರಿಕೆ ಇಲ್ಲ. ಅಜ್ಜಿ "ಯಾವ ಜನ್ಮದ ಪಾಪವೋ" ಅಂತ ಅಳುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಭಾವ ಹೇಳುವುದೇ ಬೇರೆ. ರೋಗ ಅನ್ನುವುದೆಲ್ಲ ಸಮಾಜ ಹಚ್ಚಿದ ಹೆಸರು, ಇದು ಬರೀ ಬಣ್ಣ, ಸುಮ್ನೆ ಬಿಟ್ಟುಬಿಡಿ ಅಂತಾರೆ. ನೋಡಲು ಬಂದ ಗಂಡಿನ ಕಡೆಯವರು ಮಾತ್ರ ಹಾಗೆ ಬಿಡುತ್ತಿಲ್ಲ. ಯಾರ ಮಾತು ಸರಿ?

ಉತ್ತರ (ಚರ್ಮರೋಗ ತಜ್ಞೆ): ಅಜ್ಜಿಯ ಮಾತು ತಪ್ಪು. ಭಾವನವರದು ಅರ್ಧ ಸರಿ.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೊಸೈಟ್ ಅಂತೀವಿ. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅವುಗಳ ಮೇಲೆ ಬೀಳುತ್ತದೆ. ಯಾರು ಏನೇ ಅಂದುಕೊಂಡರೂ ಇದು ನಡೆಯುತ್ತದೆ. ಬಿಳಿಯಾದ ಜಾಗ ಬಿಸಿಲಿಗೆ ಬೇಗ ಸುಡುತ್ತದೆ. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆಯೂ ಉಳಿದವರಿಗಿಂತ ಜಾಸ್ತಿ. ಹಾಗಾಗಿ "ಬರೀ ಬಣ್ಣ" ಅಂತ ಕೈತೊಳೆದುಕೊಳ್ಳಲು ಆಗಲ್ಲ.

ಆದರೆ ಪಾಪ, ಅಂಟು, ಮನೆತನಕ್ಕೆ ಕಳಂಕ, ಇದ್ಯಾವುದೂ ಚರ್ಮದಲ್ಲಿ ಇಲ್ಲ. ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿದರೂ ಸಿಗಲ್ಲ. ಅದು ನಾವು ಹೊರಿಸಿದ್ದು. ಹಿಂದೆ ತೊನ್ನನ್ನೂ ಕುಷ್ಠವನ್ನೂ ಒಂದೇ ಸಾಲಿಗೆ ಸೇರಿಸಿದ್ದರು, ಆ ಭಯ ಇನ್ನೂ ಉಳಿದಿದೆ. ಎರಡಕ್ಕೂ ಸಂಬಂಧವೇ ಇಲ್ಲ. ಕುಷ್ಠಕ್ಕೆ ಕಾರಣ ಬ್ಯಾಕ್ಟೀರಿಯಾ ಅಂತ ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಕೊಂಡರು. ಕುಷ್ಠದ ಮಚ್ಚೆ ಮುಟ್ಟಿದರೆ ಸ್ಪರ್ಶ ತಿಳಿಯದೆ ಹೋಗಬಹುದು, ತೊನ್ನಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಕುಷ್ಠದ ಕಥೆಯನ್ನೇ ನೋಡಿ. 1980ರ ದಶಕದಿಂದ ಅದನ್ನು ವಾಸಿಮಾಡುವ ಬಹುಔಷಧ ಚಿಕಿತ್ಸೆ ಇದೆ. ಆದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು. ತೆಗೆದದ್ದು 2019ರಲ್ಲಿ! ಬ್ಯಾಕ್ಟೀರಿಯಾ ಸತ್ತರೂ ಜನ ಅದಕ್ಕೆ ಅಂಟಿಸಿದ ಅರ್ಥ ಸಾಯಲಿಲ್ಲ.

ಭಾವನವರಿಗೂ ಒಂದು ಮಾತು. ಸಮಾಜ ಹೊರಿಸಿದ್ದು ಅಂದ ಮಾತ್ರಕ್ಕೆ ಆ ಭಾರ ಸುಳ್ಳಾಗುವುದಿಲ್ಲ. ಹೊರುತ್ತಿರುವವಳು ನಿಮ್ಮ ತಂಗಿ. "ತಲೆಕೆಡಿಸಿಕೊಳ್ಳಬೇಡ" ಅನ್ನುವುದು ಬೇರೆಯವರಿಗೆ ಸುಲಭ. ಚಿಕಿತ್ಸೆ ಬೇಕೋ ಬೇಡವೋ ಅಂತ ಅವಳನ್ನು ಕೇಳಿ. ಗಂಡಿನ ಕಡೆಯವರಿಗೋಸ್ಕರ ಅಂತೂ ಬೇಡ.

ಇನ್ನೊಬ್ಬರು: ಮೇಡಂ, ನಡುವೆ ಬಾಯಿ ಹಾಕ್ತೀನಿ. ನನ್ನ ಫಾಸ್ಟಿಂಗ್ ಶುಗರ್ 106. ಒಂದು ಲ್ಯಾಬ್ ರಿಪೋರ್ಟಿನಲ್ಲಿ ಪ್ರಿಡಯಾಬಿಟಿಸ್ (ಸಕ್ಕರೆ ಕಾಯಿಲೆಗೆ ಮುಂಚಿನ ಹಂತ), ಇನ್ನೊಂದರಲ್ಲಿ ನಾರ್ಮಲ್. ಇಲ್ಲಿ ಭಾವನವರು ಗೆದ್ದರು ಅಲ್ವಾ?

ಉತ್ತರ: ಗೆರೆ ಎಳೆದವರು ಮನುಷ್ಯರು, ನಿಜ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2003ರಲ್ಲಿ ಪ್ರಿಡಯಾಬಿಟಿಸ್ ಶುರುವಾಗುವ ಗೆರೆಯನ್ನು 110ರಿಂದ 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ನಿಂತಿತು. ನೀವು ಎರಡರ ನಡುವೆ ಸಿಕ್ಕಿಕೊಂಡಿದ್ದೀರಿ. ಆದರೆ ಮನಸ್ಸಿಗೆ ಬಂದಲ್ಲಿ ಎಳೆದ ಗೆರೆ ಅಲ್ಲ. ಡಯಾಬಿಟಿಸ್‌ಗೆ 126 ಅಂತ ಇಟ್ಟದ್ದು, ಹೆಚ್ಚುಕಡಿಮೆ ಆ ಮಟ್ಟದಿಂದ ಕಣ್ಣಿನ ರೆಟಿನಾಗೆ ಹಾನಿ ಜಾಸ್ತಿ ಆಗುವುದು ಕಂಡಿದ್ದರಿಂದ. 106ಕ್ಕೆ ಯಾವ ಹೆಸರೇ ಇಡಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಒಮ್ಮೆ ಮಾಡಿಸಿ, ದಿನಾ ನಡೆಯಿರಿ.

ಪ್ರಶ್ನೆ ಕೇಳಿದವರು: ನಿಮ್ಮ ಉತ್ತರ ತಂಗಿಗೆ ತೋರಿಸಿದೆ ಡಾಕ್ಟ್ರೇ. ಕಣ್ಣಿನ ಹತ್ತಿರದ್ದು ಹೋದರೆ ಸಾಕು, ಮೊಣಕೈಯದು ಇರಲಿ ಬಿಡು ಅಂತಾಳೆ. ಹಾಗೆ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಮುಖದ ಮೇಲಿನದಕ್ಕೆ ಔಷಧಿ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ಟ್ಯಾಕ್ರೋಲಿಮಸ್ ಮುಲಾಮು ಅಥವಾ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಬಗ್ಗೆ ಹತ್ತಿರದ ಚರ್ಮದ ಡಾಕ್ಟರ ಹತ್ತಿರ ಮಾತಾಡಿ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಕ್ರೀಮ್ ತಂದು ಕಣ್ಣಿನ ಸುತ್ತ ಹಚ್ಚಬೇಡಿ. ಕಣ್ಣಿನ ಒತ್ತಡ ಏರಬಹುದು. ಹೋದಾಗ ಥೈರಾಯ್ಡ್‌ಗೆ ಮಾಡುವ ಟಿಎಸ್‌ಎಚ್ ರಕ್ತಪರೀಕ್ಷೆಯನ್ನೂ ಮಾಡಿಸಿ.