ರಿಪೋರ್ಟಿನಲ್ಲಿ ಬಿವಿಯೂ ಉಂಟು, ಎಚ್‌ಪಿವಿಯೂ ಉಂಟು. ಒಂದರಿಂದ ಇನ್ನೊಂದು ಬಂತಾ?

ಮಲ್ಪೆಯವಳು:
ವಯಸ್ಸು 36. ಬಿಳಿಸೆರಗು, ವಾಸನೆ ಎಂದು ಉಡುಪಿಯಲ್ಲಿ ತೋರಿಸಿದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ (ಬಿವಿ, ಯೋನಿಯ ಬ್ಯಾಕ್ಟೀರಿಯಾ ಏರುಪೇರಾಗುವುದು), ಎಚ್‌ಪಿವಿ ಎಂಬ ವೈರಸ್ ಪಾಸಿಟಿವ್, ಎರಡೂ ಬಂದಿದೆ. ಡಾಕ್ಟರ್ ಮಾತ್ರೆ ಬರೆದು ಮುಂದಿನವರನ್ನು ಕರೆದರು. ಅತ್ತೆ ಉಷ್ಣ ಎಂದು ಎಳನೀರು ಕುಡಿಸುತ್ತಿದ್ದಾರೆ. ಇವರು ದುಬೈಯಲ್ಲಿ. ರಜೆಗೆ ಬಂದು ಹೋದಾಗಲೆಲ್ಲ ನನಗೆ ಇದು ಮತ್ತೆ ಶುರು. ಬ್ಯಾಕ್ಟೀರಿಯಾದಿಂದ ವೈರಸ್ ಬಂತಾ? ದಿನಾ ವಾಶ್ ಹಾಕಿ ಒಳಗೂ ತೊಳೆಯುತ್ತೇನೆ, ಸಾಲದಾ?

ಲ್ಯಾಬ್ ಅಕ್ಕ, ಕಂಕನಾಡಿ:
ಮೊದಲು ಆ ವಾಶ್ ನಿಲ್ಲಿಸಿ ಮಾರಾಯ್ರೆ. ನಾನು ಸ್ಲೈಡ್ ನೋಡುವವಳು. ಎಲ್ಲ ಸರಿ ಇದ್ದರೆ ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿದಾಗ ದಪ್ಪ ನೇರಳೆ ಕಡ್ಡಿಗಳು ಕಾಣುತ್ತವೆ, ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆ ಬ್ಯಾಕ್ಟೀರಿಯಾ. ಅವು ಲ್ಯಾಕ್ಟಿಕ್ ಆಸಿಡ್ ಮಾಡಿ ಪಿಎಚ್ ಅನ್ನು 4.5ರ ಕೆಳಗೆ, ಅಂದರೆ ಹುಳಿಯಾಗಿ, ಇಡುತ್ತವೆ. ಒಳಗೆ ತೊಳೆದರೆ ಇವೇ ಹಾಳು. ಬಿವಿಯಲ್ಲಿ ಅವೇ ಕಡಿಮೆ. ಗಾರ್ಡ್ನೆರೆಲ್ಲಾದಂಥ ಸಣ್ಣ ಬ್ಯಾಕ್ಟೀರಿಯಾಗಳು ಜೀವಕೋಶದ ಅಂಚೇ ಕಾಣದ ಹಾಗೆ ಮುತ್ತಿರುತ್ತವೆ. ಆ ಸ್ರಾವಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರೆ ಮೀನಿನ ವಾಸನೆ. ಮಲ್ಪೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ!

ಬ್ಯಾಕ್ಟೀರಿಯಾ ವೈರಸ್ ಹುಟ್ಟಿಸುವುದಿಲ್ಲ. ಎಚ್‌ಪಿವಿ ದೇಹ ಸಂಪರ್ಕದಿಂದ ಬರುತ್ತದೆ. ಬಂದು ಎಷ್ಟು ವರ್ಷ ಸುಮ್ನೆ ಕೂತಿತ್ತು ಎಂದು ಯಾವ ರಿಪೋರ್ಟೂ ಹೇಳುವುದಿಲ್ಲ. ಹಾಗಾಗಿ ಗಂಡನ ಮೇಲೆ ಸಂಶಯಪಡಲು ಇದು ಸಾಕ್ಷಿಯಲ್ಲ. ಆದರೆ ಬಿವಿಯಲ್ಲಿ ಒಳಗಿನ ಲೋಳೆಯ ಕಾವಲು ಸಡಿಲವಾಗುತ್ತದೆ, ಉರಿಯೂತ ಜಾಸ್ತಿ. ಅಂಥವರಿಗೆ ಎಚ್‌ಐವಿ, ಹರ್ಪಿಸ್ ತಗಲುವ ಸಾಧ್ಯತೆ ಹೆಚ್ಚು. ಎಚ್‌ಪಿವಿ ಹೋಗುವುದು ತಡವಾಗುವುದೂ ಕಂಡುಬಂದಿದೆ.

ಬಿವಿ ಮಾತ್ರೆಯಿಂದ ಎಚ್‌ಪಿವಿ ಸಾಯುವುದಿಲ್ಲ. ಹೆಚ್ಚಿನವರಲ್ಲಿ ಅದು 2 ವರ್ಷದೊಳಗೆ ತಾನಾಗಿ ಹೋಗುತ್ತದೆ. ವೈರಸ್ಸಿನ ಟೈಪ್ 16 ಅಥವಾ 18 ಎಂದು ಬರೆದಿದೆಯಾ ನೋಡಿ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಸುಮಾರು 70% ಇವೆರಡರಿಂದಲೇ. ಇದ್ದರೆ ಕಾಲ್ಪೊಸ್ಕೋಪಿ (ಗರ್ಭಕೊರಳನ್ನು ಲೆನ್ಸಿನಲ್ಲಿ ದೊಡ್ಡದಾಗಿ ನೋಡುವ ಪರೀಕ್ಷೆ) ತಪ್ಪಿಸಬೇಡಿ.

ಕಾಪು ಕಡಲು:
ಮೊಸರು ಹಚ್ಚಿದರೆ?

ಲ್ಯಾಬ್ ಅಕ್ಕ, ಕಂಕನಾಡಿ:
ಊಟಕ್ಕೆ ಹಾಕಿಕೊಳ್ಳಿ. ಅದರಲ್ಲಿರುವ ಬ್ಯಾಕ್ಟೀರಿಯಾವೇ ಬೇರೆ.

ಸುರತ್ಕಲ್ ಫಾರ್ಮಸಿ:
ಮತ್ತೆ ಮತ್ತೆ ಬರುವುದಕ್ಕೆ ಗಂಡನಿಗೂ ಮದ್ದು ಬೇಕಾಗಬಹುದು. 2025ರಲ್ಲಿ ಆಸ್ಟ್ರೇಲಿಯಾದವರ ಟ್ರಯಲ್ ಬಂತಲ್ವಾ? ಹೆಂಗಸಿಗೆ ಮಾತ್ರ ಮದ್ದು ಕೊಟ್ಟಾಗ 12 ವಾರದೊಳಗೆ 63% ಮಂದಿಗೆ ಬಿವಿ ಮರಳಿತು. ಇಬ್ಬರಿಗೂ ಕೊಟ್ಟಾಗ 35%. ಗಂಡಸರಿಗೆ ಮೆಟ್ರೊನಿಡಜೋಲ್ ಮಾತ್ರೆ, ಜೊತೆಗೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್. ಡಾಕ್ಟರ್ ಚೀಟಿ ಇಲ್ಲದೆ ನನ್ನ ಹತ್ತಿರ ಬರಬೇಡಿ, ಕೊಡುವುದಿಲ್ಲ.

ಮಲ್ಪೆಯವಳು:
16, 18 ಇಲ್ಲ, 'ಇತರ' ಎಂದಿದೆ. ಮುಂದಿನ ಟೆಸ್ಟ್ ಯಾವಾಗ ಎಂದು ಡಾಕ್ಟರನ್ನು ಕೇಳುತ್ತೇನೆ. ಇವರಿಗೆ ರಿಪೋರ್ಟ್ ವಾಟ್ಸಾಪ್ ಮಾಡಲಾ ಅಕ್ಕ?

ಲ್ಯಾಬ್ ಅಕ್ಕ, ಕಂಕನಾಡಿ:
ಬೇಡ. ಫೋಟೋ ನೋಡಿ ಅವರು ಅಲ್ಲಿ ಒಬ್ಬರೇ ಗೂಗಲ್ ಮಾಡುತ್ತಾ ಕೂರುತ್ತಾರೆ. ಫೋನ್ ಮಾಡಿ ಹೇಳಿ.